ಹಂಪಿ ಒಂದೇ ದಿನಕ್ಕೆ, ನೀರಿನ ಜಾಡು ಹಿಡಿದು: ನನ್ನ ಅನುಭವ

ನಾನು ಹಂಪಿಯ ಗೈಡ್. ನಾಲ್ಕೈದು ಜನರ ಪ್ರೈವೇಟ್ ಪಾರ್ಟಿಗೆ, ಅಂದರೆ ಪ್ರವಾಸಿ ಗುಂಪಿಗೆ, ಬೆಳಿಗ್ಗೆಯಿಂದ ಸಂಜೆಯೊಳಗೆ ಹಂಪಿ ತೋರಿಸಲು ನಾನು ಈಗ ಇಟ್ಟುಕೊಂಡಿರುವ ಕ್ರಮ ಇದು. ಪಾಯಿಂಟುಗಳು ಹತ್ತು ಹನ್ನೆರಡು ಮಾತ್ರ. ಕಮಿಷನ್‌ಗಾಗಿ ಅಂಗಡಿಗೆ ನಿಲ್ಲಿಸುವುದಿಲ್ಲ. 1336ರಿಂದ 1565ರವರೆಗಿನ ವಿಜಯನಗರದ ರಾಜರ ಪಟ್ಟಿಯೂ ಇಲ್ಲ. ದಿನವಿಡೀ ಮಾತು ನೀರಿನ ಸುತ್ತಲೇ ಸಾಗುತ್ತದೆ. ಹೀಗೆ ಮಾಡುತ್ತೇನೆ ಅಂದಾಗ ಜೊತೆಯ ಗೈಡ್‌ಗಳು ಕೇಳಿದ್ದು ಒಂದೇ: "ಬಂದವರಿಗೆ ಕೃಷ್ಣದೇವರಾಯ ಬೇಕು, ಕಲ್ಲಿನ ರಥ ಬೇಕು. ಕಾಲುವೆ ಯಾರಿಗೆ ಬೇಕಪ್ಪ?" ಈಗ ಸೀಸನ್‌ನಲ್ಲಿ ಪಾರ್ಟಿಗಳನ್ನು ಅವರಿಗೇ ದಾಟಿಸುವಷ್ಟು ಕರೆ ಬರುತ್ತಿವೆ. ಬಂದವರ ಪೈಕಿ ಅರ್ಧದಷ್ಟು ಜನ ಹಿಂದೆ ಬಂದುಹೋದವರು ಹೇಳಿ ಕಳಿಸಿದವರೇ. ಆದ್ದರಿಂದ ಬರೆದಿಡುತ್ತಿದ್ದೇನೆ. ಸೈಟ್ ಗೊತ್ತಿರುವವರಿಗೆ ಬರೆಯುತ್ತಿರುವುದರಿಂದ ದಾರಿಯ ವಿವರಣೆಗೆ ಹೋಗುವುದಿಲ್ಲ.

ರೂಢಿಯ ಕ್ರಮ ಯಾಕೆ ಕೆಡುತ್ತದೆ ಅನ್ನುವುದು ಮೊದಲು. ವಿರೂಪಾಕ್ಷ ದೇವಸ್ಥಾನದಿಂದ ಶುರುಮಾಡಿ ಹೇಮಕೂಟ ಗುಡ್ಡ, ಕೃಷ್ಣ ದೇವಸ್ಥಾನ, ಉಗ್ರನರಸಿಂಹ ಮುಗಿಸಿ, ಊಟದ ಹೊತ್ತಿಗೆ ಅರಮನೆ ಆವರಣದ ಎತ್ತರದ ಕಲ್ಲು ಜಗಲಿಯಾದ ಮಹಾನವಮಿ ದಿಬ್ಬ ಹತ್ತಿಸಿ, ಕೊನೆಗೆ ಕಲ್ಲಿನ ರಥವಿರುವ ವಿಠ್ಠಲ ದೇವಸ್ಥಾನಕ್ಕೆ ಒಯ್ದರೆ ಮೂರು ಕಡೆ ಪೆಟ್ಟು ಬೀಳುತ್ತದೆ. ನೆರಳೇ ಇಲ್ಲದ ದಿಬ್ಬದ ಮೇಲೆ ನೆತ್ತಿಯ ಬಿಸಿಲು. ವಿಠ್ಠಲದ ಬ್ಯಾಟರಿ ಗಾಡಿಗೆ ಸಂಜೆ ನಾಲ್ಕರ ಮೇಲೆ ಮುಕ್ಕಾಲು ಗಂಟೆ ಸಾಲು. ರಥದ ಮುಂದೆ ಫೋಟೊಗೆ ಇನ್ನೊಂದು ಸಾಲು. ಅಷ್ಟು ಹೊತ್ತಿಗೆ ಮಕ್ಕಳು ಸೋತಿರುತ್ತಾರೆ, ಹಿರಿಯರು ಗಾಡಿಯಿಂದ ಇಳಿಯುವುದೇ ಇಲ್ಲ, ನಿಮ್ಮ ಗಂಟಲೂ ಹೋಗಿರುತ್ತದೆ. ವಿಠ್ಠಲದಂಥ ದೇವಸ್ಥಾನವನ್ನು ಸುಸ್ತಾದವರಿಗೆ ತೋರಿಸುವುದು ನನಗೆ ಸಹಿಸದ ಸಂಗತಿ.

ಹಾಗಾಗಿ ಹೊಸಪೇಟೆಯಿಂದ ಏಳೂವರೆಗೆ ಹೊರಟು, ಕಮಲಾಪುರ, ತಳವಾರಘಟ್ಟದ ಮೇಲಾಗಿ ವಿಠ್ಠಲದ ಗೇಟು ತೆಗೆಯುವ ಎಂಟೂವರೆಗೆ ಅಲ್ಲಿರುತ್ತೇನೆ. ಹೋಗುವಾಗ ಬ್ಯಾಟರಿ ಗಾಡಿ ಬೇಡ. ಗೆಜ್ಜಲ ಮಂಟಪ, ಕುದುರೆ ಗೊಂಬೆ ಮಂಟಪ, ವಿಠ್ಠಲ ಬಜಾರಿನ ಪುಷ್ಕರಣಿ ನೋಡುತ್ತ ಒಂದು ಕಿಲೋಮೀಟರ್ ನಡೆದರೆ ಹದಿನೈದು ಇಪ್ಪತ್ತು ನಿಮಿಷ. ಬಿಸಿಲು ಏರಿದ ಮೇಲೆ, ವಾಪಸ್ ಬರುವಾಗ ಗಾಡಿ. ಮಂಡಿನೋವಿನವರಿದ್ದರೆ ಅವರನ್ನು ಮಾತ್ರ ಮೊದಲ ಗಾಡಿಗೆ ಹತ್ತಿಸಿ ಬಿಡಿ, ದೇವಸ್ಥಾನದ ಮುಂದೆ ಕೂಡಿಕೊಳ್ಳಿ.

ಟಿಕೆಟ್ ವಿಷಯ ಎಲ್ಲರಿಗೂ ಗೊತ್ತು, ಆದರೂ ಎಡವಟ್ಟು ಆಗುವುದು ಇಲ್ಲೇ. ವಿಠ್ಠಲದಲ್ಲಿ ಕೊಂಡ ನಲವತ್ತು ರೂಪಾಯಿಯ ಟಿಕೆಟ್ ಅದೇ ದಿನ ಜನಾನಾ (ರಾಣಿವಾಸದ) ಆವರಣಕ್ಕೂ ನಡೆಯುತ್ತದೆ, ವಿದೇಶಿಯರಿಗೆ ಆರುನೂರು. ಪಾರ್ಟಿಯವರ ಜೇಬಿನಲ್ಲಿ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಒಂದಾದರೂ ಕಳೆದಿರುತ್ತದೆ. ಎಲ್ಲವನ್ನೂ ಇಸಿದುಕೊಂಡು ನಿಮ್ಮ ಬಳಿ ಇಟ್ಟುಕೊಳ್ಳಿ, ಕ್ಯೂಆರ್‌ನದ್ದಾದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆವರಣದ ಬಳಿ ನೆಟ್‌ವರ್ಕ್ ನಂಬಬೇಡಿ.

ವಿಠ್ಠಲದಲ್ಲಿ ನಾನು ಹೆಚ್ಚು ಹೊತ್ತು ಕೊಡುವುದು ರಥಕ್ಕೆ. ಐವತ್ತರ ನೋಟು ಹಿಡಿದು ಫೋಟೊ ಮುಗಿಯಲಿ, ಆಮೇಲೆ ಮೂರು ವಿಷಯ ತೋರಿಸಿ. ಒಂದು, ಅದು ಏಕಶಿಲೆಯಲ್ಲ, ಕಲ್ಲುಗಳ ಸಂದುಗಳನ್ನು ಕೆತ್ತನೆಯ ಗೆರೆಗಳೊಳಗೆ ಮರೆಮಾಡಿದ್ದಾರೆ. ಬೆಳಗಿನ ಓರೆ ಬಿಸಿಲಿನಲ್ಲಿ ಸಂದು ಕಾಣುತ್ತದೆ, ಹತ್ತೂವರೆ ದಾಟಿದರೆ ಇಲ್ಲ. ಎರಡು, ಮುಂದಿರುವ ಆನೆಗಳು ಮೊದಲಿದ್ದ ಕುದುರೆಗಳ ಜಾಗಕ್ಕೆ ಆಮೇಲೆ ತಂದಿಟ್ಟವು. ಅವುಗಳ ಹಿಂದೆ ಬಾಗಿ ನೋಡಿದರೆ ಕುದುರೆಯ ಹಿಂಗಾಲು, ಬಾಲದ ತುಣುಕು ಇನ್ನೂ ಉಳಿದಿದೆ. ಮೂರು, ರಥದ ಮೇಲೆ ಇಟ್ಟಿಗೆಯ ಶಿಖರವಿತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್ಲಾ ತೆಗೆದ ಫೋಟೊದಲ್ಲಿ ಅದು ಸ್ಪಷ್ಟವಾಗಿದೆ. ಆ ಫೋಟೊದ ಎ4 ಪ್ರಿಂಟ್ ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದೇನೆ, ಐವತ್ತು ರೂಪಾಯಿ ಖರ್ಚು ಅಷ್ಟೆ. ಫೋನಿನಲ್ಲಿ ತೋರಿಸಿದರೆ ಬಿಸಿಲಿಗೆ ಏನೂ ಕಾಣುವುದಿಲ್ಲ. ತಟ್ಟಿದರೆ ನಾದ ಹೊರಡುವ ಸಂಗೀತ ಕಂಬಗಳನ್ನು ದೂರದಿಂದಲೇ ತೋರಿಸಿ. ಬ್ರಿಟಿಷರು ಕಂಬ ಕೊಯ್ದು ನೋಡಿದರು ಅನ್ನುವ ಕಥೆಯನ್ನು ನಾನು ಪೂರ್ತಿ ಬಿಟ್ಟಿದ್ದೇನೆ, ಯಾರೂ ಕೇಳಿಲ್ಲ.

ನೀರಿನ ಮಾತು ಶುರುವಾಗುವುದು ದೇವಸ್ಥಾನದಿಂದ ತುಂಗಭದ್ರಾ ಹೊಳೆಗೆ ಇಳಿದಾಗ. ಪುರಂದರ ಮಂಟಪ, ಹಳೆಯ ಸೇತುವೆಯ ಕಲ್ಲುಕಂಬಗಳು ಕಾಣುವ ಕಡೆ ನೆರಳು ನೋಡಿ ಕೂರಿಸಿ ಒಂದೇ ಪ್ರಶ್ನೆ ಕೇಳುತ್ತೇನೆ: ಹೊಳೆ ಇಲ್ಲಿ ತಗ್ಗಿನಲ್ಲಿದೆ, ಅರಮನೆ ಅಲ್ಲಿ ಬಂಡೆಗಳಾಚೆ ಎತ್ತರದಲ್ಲಿದೆ, ನೀರು ಹೇಗೆ ಹೋಯಿತು? ಉತ್ತರ ಹೇಳುವುದಿಲ್ಲ. ಸಂಜೆಯವರೆಗೆ ಪಾರ್ಟಿಯನ್ನು ಹಿಡಿದಿಡುವುದು ಆ ಪ್ರಶ್ನೆಯೇ. ಜಲಾಶಯದಿಂದ ನೀರು ಬಿಟ್ಟ ದಿನಗಳಲ್ಲಿ ಪುರಂದರ ಮಂಟಪ ಮುಳುಗಿರುತ್ತದೆ, ಆಗ ಮೇಲಿನ ದಾರಿಯಿಂದಲೇ ತೋರಿಸಿ ಹಿಂದಿರುಗಿ. ಹೊಳೆ ತುಂಬಿದಾಗ ಒಬ್ಬರನ್ನೂ ಬಂಡೆಯ ಅಂಚಿಗೆ ಬಿಡಬೇಡಿ, ಪಾಚಿ ಕಣ್ಣಿಗೆ ಕಾಣುವುದಿಲ್ಲ.

ಹತ್ತೂಕಾಲಿಗೆ ಅಲ್ಲಿಂದ ಹೊರಟು ರಾಣಿ ಸ್ನಾನಗೃಹ. ಸುತ್ತಲಿನ ಕಂದಕ ಮತ್ತು ಒಳಗಿನ ಕೊಳ ಎರಡೂ ಬೇರೆ ಬೇರೆ ಅನ್ನುವುದನ್ನು ತೋರಿಸಿದರೆ ಸಾಕು, ಹದಿನೈದು ನಿಮಿಷ. ಮಹಾನವಮಿ ದಿಬ್ಬವನ್ನು ಹನ್ನೊಂದೂವರೆಯೊಳಗೆ ಹತ್ತಿ ಇಳಿಸಿಬಿಡಬೇಕು. ಹನ್ನೆರಡು ಮೀಟರ್ ಅಂದರೆ ದೊಡ್ಡ ಎತ್ತರವಲ್ಲ, ಆದರೆ ಏಪ್ರಿಲ್‌ನಲ್ಲಿ ಕಾದ ಕಲ್ಲಿನ ಮೇಲೆ ಐದು ನಿಮಿಷ ನಿಲ್ಲಿಸಿದರೂ ಒಬ್ಬರಿಗೆ ತಲೆಸುತ್ತು ಬರುತ್ತದೆ. ದಿಬ್ಬದ ಮೇಲಿಂದ ಕೈಮಾಡಿ ತೋರಿಸಬೇಕಾದ್ದು ಬರೀ ಜಗಲಿಗಳು: ಅರಮನೆಗಳ ಮೇಲ್ಭಾಗ ಮರದ್ದಾಗಿದ್ದರಿಂದ ಕಲ್ಲಿನ ಅಡಿಪಾಯ ಮಾತ್ರ ಉಳಿದಿದೆ. ಇದನ್ನು ಹೇಳದಿದ್ದರೆ "ಇಲ್ಲಿ ಏನೂ ಇಲ್ಲವಲ್ಲ" ಅನ್ನುವ ಮಾತು ಬಂದೇ ಬರುತ್ತದೆ.

ದಿನದ ತಿರುಳು ಮೆಟ್ಟಿಲು ಪುಷ್ಕರಣಿ. 1980ರ ದಶಕದ ಉತ್ಖನನದಲ್ಲಿ ಹೊರಬಂದದ್ದು. ಸುತ್ತಲಿನದೆಲ್ಲ ಗ್ರಾನೈಟ್, ಇದು ಮಾತ್ರ ಕಪ್ಪು ಹಸಿರಿನ ಮೆದು ಕಲ್ಲು. ಕಲ್ಲುಗಳ ಮೇಲೆ ಕನ್ನಡದ ಅಕ್ಷರ, ಅಂಕಿಗಳಿವೆ: ಯಾವ ದಿಕ್ಕು, ಯಾವ ಸಾಲು, ಸಾಲಿನಲ್ಲಿ ಎಲ್ಲಿ ಕೂರಬೇಕು ಅನ್ನುವ ಗುರುತು. ಬಾಗಿಲು ಚೌಕಟ್ಟಿನ ತುಂಡುಗಳಿಗೆ ಬಡಗಿ ಗುರುತು ಹಾಕಿ ಒಯ್ದು ಜೋಡಿಸುವಂತೆ, ಕಡಿದು ತಂದು ಇಲ್ಲಿ ಕೂಡಿಸಿದ್ದಾರೆ. ಕೆಳಗೆ ಇಳಿಸಬೇಡಿ. ಎಂಟು ಪಟ್ಟಿನ ಸಣ್ಣ ದುರ್ಬೀನು ಒಂದಿದ್ದರೆ ಮೇಲಿನಿಂದಲೇ ಅಕ್ಷರ ಓದಬಹುದು. ನನ್ನದು ಸುಮಾರು ಒಂದೂವರೆ ಸಾವಿರದ್ದು, ಈ ಕೆಲಸದಲ್ಲಿ ಹಾಕಿದ ದುಡ್ಡಿನಲ್ಲಿ ಅತಿ ಹೆಚ್ಚು ಮರಳಿದ್ದು ಇದರಿಂದಲೇ. ಮಕ್ಕಳಿಗೆ ಕೊಟ್ಟು "ಕನ್ನಡ ಅಕ್ಷರ ಹುಡುಕು" ಅಂದರೆ ಇಪ್ಪತ್ತು ನಿಮಿಷ ಹಿರಿಯರ ಜೊತೆ ನೆಮ್ಮದಿಯಾಗಿ ಮಾತಾಡಬಹುದು. ಯಾವ ಮೂಲೆಯಲ್ಲಿ ಅಕ್ಷರ ಚೆನ್ನಾಗಿ ಕಾಣುತ್ತದೆ ಅನ್ನುವುದು ನನ್ನಲ್ಲೇ ಇರಲಿ, ನೀವೂ ಹುಡುಕಿ.

ಪುಷ್ಕರಣಿಗೆ ಕಲ್ಲುಕಂಬಗಳ ಮೇಲೆ ನೀರು ತರುತ್ತಿದ್ದ ಕಲ್ಲು ತೊಟ್ಟಿಗಾಲುವೆಯ ಇಳಿಜಾರು ತೋರಿಸಲು ಮೊಬೈಲಿನ ಲೆವೆಲ್ ಆ್ಯಪ್ ಪ್ರಯೋಗಿಸಿ ನೋಡಿದ್ದೂ ಉಂಟು. ಕೆಲಸಕ್ಕೆ ಬರಲಿಲ್ಲ. ಇಳಿಜಾರು ತೀರ ಸಣ್ಣದು, ಕಲ್ಲುಗಳು ಕಾಲಕ್ಕೆ ಕುಸಿದಿವೆ, ಒಂದೊಂದು ಕಲ್ಲಿಗೆ ಒಂದೊಂದು ಲೆಕ್ಕ ಬರುತ್ತದೆ. ಕೆಲಸಕ್ಕೆ ಬಂದದ್ದು ಸುಮ್ಮನೆ ಒಂದು ತುದಿಯಲ್ಲಿ ನಿಲ್ಲಿಸಿ ಸಾಲಿನ ಗುಂಟ ನೋಡಿಸುವುದು: ನೆಲ ತಗ್ಗಿದಂತೆ ಕೆಳಗಿನ ಕಂಬ ಎತ್ತರವಾಗುತ್ತದೆ, ತೊಟ್ಟಿ ಮಾತ್ರ ತನ್ನ ಮಟ್ಟ ಬಿಡುವುದಿಲ್ಲ. ಹೊಳೆಯ ಬಳಿ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ಅವರ ಬಾಯಿಂದಲೇ ಬರುತ್ತದೆ.

ಹಜಾರರಾಮ ದೇವಸ್ಥಾನಕ್ಕೆ ಹನ್ನೆರಡರ ಆಸುಪಾಸು ಹೋಗುವುದು ಬೇಕೆಂದೇ. ಬಿಸಿಲು ಮೇಲಿಂದ ಗೋಡೆಯನ್ನು ಸವರಿ ಬೀಳುವಾಗ ಹೊರ ಪ್ರಾಕಾರದ ಆನೆ, ಕುದುರೆ, ಕುಣಿತದ ಸಾಲುಗಳು ಎದ್ದು ಕಾಣುತ್ತವೆ. ಒಳಗಿನ ಕಪ್ಪು ಕಂಬಗಳಿಗೆ ಟಾರ್ಚ್ ಬೇಕು. ಎದುರಿಂದ ಬಿಟ್ಟರೆ ಹೊಳಪು ಕಣ್ಣಿಗೆ ಹೊಡೆದು ಕೆತ್ತನೆ ಮಾಯವಾಗುತ್ತದೆ. ಕಂಬಕ್ಕೆ ತಾಗಿಸದೆ, ಒಂದು ಗೇಣು ದೂರದಿಂದ ಪಕ್ಕಕ್ಕೆ ಹಿಡಿಯಿರಿ. ಹಳದಿ ಬೆಳಕಿನ ಟಾರ್ಚ್ ಬಿಳಿಯದಕ್ಕಿಂತ ಚೆನ್ನ. ಕಮಲ ಮಹಲ್, ಹನ್ನೊಂದು ಕೋಣೆಗಳ ಗಜಶಾಲೆ ಅರ್ಧ ಗಂಟೆಯಲ್ಲಿ ಆಗುತ್ತವೆ.

ಊಟ ಕಮಲಾಪುರದಲ್ಲಿ, ಒಂದೂಕಾಲಿಗೆ. ಊಟವಾದ ಮೇಲೆ ಬಿಸಿಲಿಗೆ ಇಳಿಸದೆ ಪುರಾತತ್ವ ಮ್ಯೂಸಿಯಂಗೆ ಒಯ್ಯಿರಿ. ಶುಕ್ರವಾರ ರಜೆ, ಬುಕಿಂಗ್ ತೆಗೆದುಕೊಳ್ಳುವಾಗಲೇ ವಾರ ನೋಡಿಕೊಳ್ಳಿ. ಅಲ್ಲಿನ ಹಂಪಿಯ ದೊಡ್ಡ ಮಾದರಿಯ ಮುಂದೆ ನಿಂತರೆ ಬೆಳಿಗ್ಗೆ ನೋಡಿದ ಜಾಗಗಳೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಈ ಮಾದರಿಯನ್ನು ಬೆಳಿಗ್ಗೆಯೇ ತೋರಿಸಿ ನೋಡಿದ್ದೇನೆ, ಆಗ ಯಾರ ತಲೆಗೂ ಹೋಗುವುದಿಲ್ಲ. ಜಾಗ ಕಾಲಿಗೆ ಗೊತ್ತಾದ ಮೇಲಷ್ಟೇ ಮಾದರಿಗೆ ಬೆಲೆ.

ಮೂರೂಕಾಲಿನಿಂದ ನೀರು ಮತ್ತೆ ಸಿಗುತ್ತದೆ. ನೆಲಮಟ್ಟಕ್ಕಿಂತ ಕೆಳಗಿರುವ ಪ್ರಸನ್ನ ವಿರೂಪಾಕ್ಷ ಗುಡಿಯಲ್ಲಿ ನೀರು ನಿಂತಿರುತ್ತದೆ; ಮಳೆಗಾಲದಲ್ಲಿ ಒಳಗೆ ಬಿಡದೆ ಮೇಲಿಂದ ತೋರಿಸಿ. ದೊಡ್ಡ ಶಿವಲಿಂಗವಾದ ಬಡವಿಲಿಂಗದ ಬುಡದಲ್ಲಿ ನಿಂತದ್ದು ಕಾಲುವೆಯಿಂದ ಬಂದ ನೀರು. ವಿಜಯನಗರದ ಕಾಲದ ಕಾಲುವೆಗಳು ಇವತ್ತಿಗೂ ಗದ್ದೆ, ಬಾಳೆತೋಟಕ್ಕೆ ನೀರು ಹಾಯಿಸುತ್ತಿವೆ ಅನ್ನುವುದನ್ನು ಇಲ್ಲಿ ಹೇಳಬೇಕು, ಪಕ್ಕದ ತೋಟವನ್ನೂ ತೋರಿಸಬೇಕು. 1528ರ ಉಗ್ರನರಸಿಂಹ ಅಲ್ಲೇ ಪಕ್ಕದಲ್ಲಿದ್ದಾನೆ, ಆರೂವರೆ ಮೀಟರ್‌ಗೂ ಎತ್ತರ. ಅವನಿಗೆ ಹೆಚ್ಚು ಮಾತೇ ಬೇಡ, ಸುಮ್ಮನೆ ಬಿಟ್ಟುಬಿಡಿ. ಬೇಸಿಗೆಯಲ್ಲಿ ಕಾಲುವೆ ನಿಲ್ಲಿಸಿದ್ದರೆ ಬಡವಿಲಿಂಗದ ಬಳಿ ಮಾತು ಸಪ್ಪೆಯಾಗುತ್ತದೆ, ಆಗ ಆ ಹೊತ್ತನ್ನು ಕೃಷ್ಣ ಬಜಾರಿನ ಪುಷ್ಕರಣಿಗೆ ಕೊಡಿ.

ಐದಕ್ಕೆ ಹೇಮಕೂಟ. ಮೆಟ್ಟಿಲು ಮೆಟ್ಟಿಲಾದ ಶಿಖರದ ಗುಡಿಗಳನ್ನು ಜೈನ ಗುಡಿ ಅಂತ ಹೇಳುವುದನ್ನು ದಯವಿಟ್ಟು ನಿಲ್ಲಿಸೋಣ. ಅವು ಶೈವ ಗುಡಿಗಳು, ಎಷ್ಟೋ ವಿಜಯನಗರಕ್ಕಿಂತ ಹಿಂದಿನವು. ಸೂರ್ಯಾಸ್ತಕ್ಕೆ ಎಲ್ಲರೂ ಕೂರುವ ಬಂಡೆ ಬಿಟ್ಟು ಬೇರೊಂದು ಜಾಗ ಇದೆ. ಅದನ್ನು ಇಲ್ಲಿ ಬರೆದರೆ ಮುಂದಿನ ವಾರ ನನ್ನ ಪಾರ್ಟಿಗೇ ಜಾಗ ಸಿಗುವುದಿಲ್ಲ.

ವಿರೂಪಾಕ್ಷದಲ್ಲಿ ಸಣ್ಣ ರಂಧ್ರದ ಮೂಲಕ ಬೀಳುವ ಗೋಪುರದ ತಲೆಕೆಳಗಾದ ನೆರಳನ್ನು ಎಲ್ಲರೂ ಗೋಡೆಯ ಮೇಲೆ ತೋರಿಸುತ್ತಾರೆ. ಒಂದು ಬಿಳಿ ಕಾರ್ಡ್‌ಬೋರ್ಡ್ ಒಯ್ಯಿರಿ. ಗೋಡೆಯಿಂದ ರಂಧ್ರದ ಕಡೆಗೆ ನಿಧಾನಕ್ಕೆ ತಂದರೆ ಬಿಂಬ ಚಿಕ್ಕದಾಗುತ್ತ ಬೆಳಗುತ್ತದೆ. ಬೆಳಿಗ್ಗೆ ಸೂರ್ಯ ಗೋಪುರದ ಹಿಂದಿರುವುದರಿಂದ ಬರೀ ಕಪ್ಪು ಆಕೃತಿ ಬೀಳುತ್ತದೆ. ಇಳಿಹೊತ್ತಿನ ಬಿಸಿಲು ಗೋಪುರದ ನಮ್ಮ ಕಡೆಯ ಮೈಗೆ ಬಿದ್ದಾಗ ಅಂತಸ್ತುಗಳೂ ಕಾಣುತ್ತವೆ. ಬಣ್ಣದ ಕಾರ್ಡ್, ಟ್ರೇಸಿಂಗ್ ಪೇಪರ್ ಎಲ್ಲ ನೋಡಿದೆ. ಟ್ರೇಸಿಂಗ್ ಪೇಪರ್ ಹಿಂದಿನಿಂದ ನೋಡಲು ಚೆನ್ನ, ಆದರೆ ಗುಂಪಿಗೆ ಆಗುವುದಿಲ್ಲ. ನೀರಿನ ಮಾತು ಮುಗಿಸುವುದೂ ಇದೇ ದೇವಸ್ಥಾನದಲ್ಲಿ: ಹೊಳೆಯ ನೀರನ್ನು ಸಣ್ಣ ಕಾಲುವೆಯಲ್ಲಿ ಅಡುಗೆಮನೆಗೆ ಹಾಯಿಸಿ ಹೊರಾಂಗಣದಿಂದ ಆಚೆ ಬಿಟ್ಟ ಏರ್ಪಾಡು.

ಇನ್ನು ದುಡ್ಡು. ಮೊದಲು ದಿನಕ್ಕೆ ಎರಡು, ಎರಡೂಕಾಲು ಸಾವಿರ ಮತ್ತು ಅಂಗಡಿ ಕಮಿಷನ್. ಒಳ್ಳೆಯ ದಿನ ಕಮಿಷನ್ ಎಂಟುನೂರು ಆದದ್ದುಂಟು, ಸೊನ್ನೆಯಾದ ದಿನಗಳೇ ಹೆಚ್ಚು. ಅದಕ್ಕಾಗಿ ಪಾರ್ಟಿಯ ಒಂದೂವರೆ ಗಂಟೆ ಹೋಗುತ್ತಿತ್ತು. ಈಗ ನಾಲ್ಕು ಸಾವಿರ, ಐದು ಜನರವರೆಗೆ, ಸಾವಿರ ಮುಂಗಡ ಯುಪಿಐನಲ್ಲಿ. ಹಿಂದಿನ ದಿನ ಸಂಜೆಯ ನಂತರ ರದ್ದಾದರೆ ಮುಂಗಡ ಮರಳಿಸುವುದಿಲ್ಲ, ಇದನ್ನು ಮೊದಲೇ ಮೆಸೇಜಿನಲ್ಲಿ ಬರೆದು ಕಳಿಸಿ. ಆಟೊದವರದ್ದು ಬೇರೆ ಲೆಕ್ಕ. ಅಂಗಡಿಗೆ ನಿಲ್ಲಿಸದಿದ್ದರೆ ಅವರ ಕಮಿಷನ್ ಹೋಗುತ್ತದೆ, ಅದನ್ನು ತುಂಬಿಕೊಡದಿದ್ದರೆ ಮಧ್ಯಾಹ್ನದ ಹೊತ್ತಿಗೆ ಗಾಡಿ "ಕೆಡುತ್ತದೆ". ಸಾವಿರದ ಇನ್ನೂರರ ಬಾಡಿಗೆಗೆ ಮುನ್ನೂರು ಸೇರಿಸಿ ಒಂದೂವರೆ ಸಾವಿರ ಕೊಡುತ್ತೇನೆ, ಊಟವೂ ನನ್ನದೇ. ಸೀಸನ್ ಕಳೆದು ಲೆಕ್ಕ ಹಾಕಿದರೆ ಕಮಿಷನ್ ದಿನಗಳಿಗಿಂತ ಹೆಚ್ಚು ಉಳಿದಿದೆ, ಅರ್ಧ ದಿನದ ಎರಡು ಪಾರ್ಟಿ ಹಿಡಿದು ಓಡುವುದಕ್ಕಿಂತಲೂ ಹೆಚ್ಚು.

ನೀರು ತಲೆಗೆ ಎರಡು ಲೀಟರ್, ಮಾರ್ಚ್ ದಾಟಿದರೆ ಮೂರು. ಓಆರ್‌ಎಸ್ ನಾಲ್ಕು ಪೊಟ್ಟಣ. ಚಪ್ಪಲಿ ಬಿಡಬೇಕಾದ ಕಡೆಗೆ ಹಳೆಯ ಸಾಕ್ಸ್. ಸಂಜೆ ಐದಕ್ಕೂ ಅಂಗಳದ ಕಲ್ಲು ಕಾಲು ಸುಡುತ್ತದೆ. ಟ್ರೈಪಾಡ್, ಡ್ರೋನ್ ತರಬೇಡಿ ಅಂತ ಬುಕಿಂಗ್ ದಿನವೇ ಹೇಳಿಬಿಡಿ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹಿಡಿಯುವವರಿದ್ದರೆ ವಿರೂಪಾಕ್ಷದಿಂದ ಏಳಕ್ಕೆ ಹೊರಡಿಸಿ. ಹೊಸಪೇಟೆ ಹದಿಮೂರೇ ಕಿಲೋಮೀಟರ್ ಆದರೂ ಜಾತ್ರೆ, ಉತ್ಸವದ ದಿನಗಳಲ್ಲಿ ಗಂಟೆ ದಾಟುತ್ತದೆ. ಆ ದಿನಗಳಲ್ಲಿ ಹೇಮಕೂಟ ಬಿಟ್ಟು ನೇರ ದೇವಸ್ಥಾನಕ್ಕೆ ಇಳಿಯಿರಿ.