ಲಾಡ್ಜಿನಲ್ಲಿ ಮುಟ್ಟಬಹುದಾದದ್ದು, ಮುಟ್ಟಬಾರದ್ದು: ನನ್ನ ಅನುಭವ

ದೀಕ್ಷೆ ಪಡೆದು ಸೇರುವ ಸೋದರ ಸಂಘ ಫ್ರೀಮೇಸನ್ನರದು, ಅದರ ಸ್ಥಳೀಯ ಘಟಕವೇ ಲಾಡ್ಜ್. ಅಂಥ ಲಾಡ್ಜಿನಲ್ಲಿ ಏನಾದರೂ ಬದಲಾಗಲಿ ಎಂದು ಒಬ್ಬರು ಎದ್ದು ನಿಂತರೆ ಸಾಕು, ಹಿರಿಯರ ಸಾಲಿನಿಂದ ‘ಇದು ಲ್ಯಾಂಡ್‌ಮಾರ್ಕ್, ಮುಟ್ಟುವ ಹಾಗಿಲ್ಲ’ ಎಂಬ ಮಾತು ಬರುತ್ತದೆ. ಎಂದರೆ ಅದು ಯಾರೂ ಬದಲಿಸಲಾಗದ ಬುನಾದಿಯ ನಿಯಮ ಎಂದು. ಬಹುಪಾಲು ಸಲ ಅದು ಲ್ಯಾಂಡ್‌ಮಾರ್ಕ್ ಆಗಿರುವುದೇ ಇಲ್ಲ. ಆದ್ದರಿಂದ ನಾವು ಚರ್ಚೆ ಶುರುಮಾಡುವ ಮೊದಲೇ ಲಾಡ್ಜಿನ ಎಲ್ಲ ಪದ್ಧತಿಗಳನ್ನೂ ಹಾಳೆಯ ಮೇಲೆ ಬರೆದು, ಒಂದೊಂದರ ಎದುರೂ ಅದು ಎಲ್ಲಿಂದ ಬಂತು ಎಂದು ಗುರುತು ಹಾಕಿದೆವು. ದೇವರಲ್ಲಿ ನಂಬಿಕೆ, ತೆರೆದಿಟ್ಟ ಧರ್ಮಗ್ರಂಥ, ಸಭೆಯೊಳಗೆ ಮತ-ರಾಜಕೀಯದ ವಾದ ಬೇಡವೆಂಬ ಕಟ್ಟುಪಾಡು, ಇವು ಬುನಾದಿ. ಮೇಸನ್ನರ ಸಂವಿಧಾನದ ಪುಸ್ತಕದಲ್ಲಿರುವುದು ಎಲ್ಲ ಲಾಡ್ಜುಗಳ ಮೇಲಿನ ಆಡಳಿತ ಸಂಸ್ಥೆಯಾದ ಗ್ರ್ಯಾಂಡ್ ಲಾಡ್ಜಿಗೆ ಸೇರಿದ್ದು. ಬೈಲಾ, ಅಂದರೆ ಲಾಡ್ಜಿನ ಒಳನಿಯಮ, ನಮ್ಮದು. ಉಳಿದದ್ದೆಲ್ಲ ರೂಢಿ, ಯಾವುದೋ ಕಾಲದ ಮಾಸ್ಟರ್ (ಲಾಡ್ಜಿನ ಅಧ್ಯಕ್ಷರು) ಅನುಕೂಲಕ್ಕೆಂದು ಮಾಡಿಕೊಂಡದ್ದು ಹಾಗೇ ಉಳಿದುಬಂದದ್ದು. ಹಾಳೆಯಲ್ಲಿ ಅತಿ ಉದ್ದದ ಪಟ್ಟಿ ಈ ಕೊನೆಯದೇ. ಜಗಳ ಹುಟ್ಟುವುದೂ ಅಲ್ಲೇ.

ಬುನಾದಿಯ ವಿಷಯದಲ್ಲಿ ಅವಸರ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಇತಿಹಾಸವೇ ಸಾಕ್ಷಿ. 1730ರಲ್ಲಿ ಮೇಸನ್ನರ ಗುಟ್ಟನ್ನು ಬಯಲು ಮಾಡುವ ಪುಸ್ತಕವೊಂದು ಅಚ್ಚಾದಾಗ, ವಂಚಕರು ಒಳನುಗ್ಗದಂತೆ ಅಲ್ಲಿನ ಗ್ರ್ಯಾಂಡ್ ಲಾಡ್ಜ್ ಗುರುತಿನ ಪದಗಳನ್ನು ಅದಲುಬದಲು ಮಾಡಿತು. 1751ರಲ್ಲಿ ಎದ್ದ ಎದುರಾಳಿ ಗ್ರ್ಯಾಂಡ್ ಲಾಡ್ಜಿನ ದೊಡ್ಡ ಆರೋಪಗಳಲ್ಲಿ ಅದೂ ಒಂದು. ಎರಡೂ ಒಂದಾಗಲು 1813ರ ಡಿಸೆಂಬರ್ ಬರಬೇಕಾಯಿತು. ಆಮೇಲೂ ಸಮಾನ ದೀಕ್ಷಾವಿಧಿಯನ್ನು ಹೊಂದಿಸಿ ತೋರಿಸಲು ಒಂದು ವಿಶೇಷ ಲಾಡ್ಜ್ 1816ರವರೆಗೆ ಶ್ರಮಿಸಿತು. 1986ರ ಬದಲಾವಣೆ ಇದಕ್ಕಿಂತ ಎಷ್ಟೋ ಜಾಣತನದ್ದು. ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ ಪ್ರಮಾಣವಚನದೊಳಗಿದ್ದ, ಗುಟ್ಟು ಬಿಟ್ಟುಕೊಟ್ಟರೆ ಘೋರ ಶಿಕ್ಷೆಯೆಂಬ ಮಾತುಗಳನ್ನು ಅಲ್ಲಿಂದ ತೆಗೆದು ವಿಧಿಯ ಬೇರೆಡೆಗೆ ಸರಿಸಿತು. ಮಾತು ಕಳೆದುಹೋಗಲಿಲ್ಲ, ದೇವರ ಮುಂದೆ ನಿಂತವನ ಬಾಯಿಂದ ಅದನ್ನು ಹೇಳಿಸುವುದು ಮಾತ್ರ ನಿಂತಿತು. ಸಾಧ್ಯವಿದ್ದಲ್ಲೆಲ್ಲ ತೆಗೆಯುವ ಬದಲು ಸರಿಸುವ ಈ ದಾರಿಯನ್ನೇ ನಾವೂ ಹಿಡಿದೆವು.

ಭಾರತದ ಲಾಡ್ಜುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಧರ್ಮಗ್ರಂಥಗಳ ಪೀಠ. ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಹುಟ್ಟಿದ್ದು 1961ರಲ್ಲಿ. ಆದರೆ ಒಂದೇ ಪೀಠದ ಮೇಲೆ ಬೈಬಲ್, ಗೀತೆ, ಕುರಾನ್ ಇಡುವ ವಾಡಿಕೆ ಈ ನೆಲದಲ್ಲಿ ಅದಕ್ಕಿಂತ ಹಳೆಯದು. ಇಲ್ಲಿ ಸಮಸ್ಯೆ ಬರುವುದು ತತ್ತ್ವದಲ್ಲಲ್ಲ, ಜಾಗದಲ್ಲಿ. ಒಂದು ಪುಸ್ತಕಕ್ಕೆಂದು ಮಾಡಿದ ಒಂದೂವರೆ ಅಡಿಯ ಪೀಠದಲ್ಲಿ ನಾಲ್ಕು ಇಟ್ಟರೆ ಒಂದರ ಮೇಲೊಂದು ಕೂರುತ್ತವೆ. ಕುರಾನಿನ ಮೇಲೆ ಏನನ್ನೂ ಇಡಬಾರದು. ನಾವು ಪೀಠದ ಮೇಲೆ ನಾಲ್ಕಡಿ ಉದ್ದದ ಹಲಗೆ ಕೂರಿಸಿ, ಪ್ರತಿ ಗ್ರಂಥಕ್ಕೂ ಬೇರೆ ಬಟ್ಟೆ ಹಾಸಿದೆವು. ಗುರು ಗ್ರಂಥ ಸಾಹಿಬ್‌ಗೆ ಅದರದೇ ಮರ್ಯಾದೆಯ ಕ್ರಮವಿರುವುದರಿಂದ ಸಿಖ್ ಸದಸ್ಯರ ಸಲಹೆಯಂತೆ ನಿತ್ಯಪಾಠದ ಸಣ್ಣ ಪುಸ್ತಕ ಇಡುತ್ತೇವೆ. ಆ ಸಂಜೆ ಯಾರು ಪ್ರಮಾಣ ಮಾಡುತ್ತಾರೋ ಅವರ ಗ್ರಂಥ ನಡುವೆ ಬರುತ್ತದೆ, ಮೇಸನ್ನರ ಲಾಂಛನಗಳಾದ ಮೂಲೆಮಟ್ಟ ಮತ್ತು ಕೈವಾರ ಅದರ ಬಳಿಗೆ ಹೋಗುತ್ತವೆ. ಯಾವ ಗ್ರಂಥವೆಂದು ಎರಡು ವಾರ ಮೊದಲೇ ಅಭ್ಯರ್ಥಿಯನ್ನೇ ಕೇಳಬೇಕು. ಹೆಸರು ನೋಡಿ ಊಹಿಸಿದರೆ ತಪ್ಪುತ್ತದೆ. ಹಿಂದೂ ಹೆಸರಿನವರೆಲ್ಲ ಗೀತೆಯನ್ನೇ ಬಯಸುವುದಿಲ್ಲ, ಲಿಂಗಾಯತರು ವಚನಗಳನ್ನು, ಜೈನರು ತಮ್ಮ ಆಗಮವನ್ನು ಕೇಳಬಹುದು.

ಇನ್ನು ಬಾಯಿಪಾಠ. ‘ಪುಸ್ತಕ ನೋಡಿ ಓದಿದರೇನು?’ ಎಂದು ಹೊಸಬರು ಕೇಳುತ್ತಾರೆ. ಓದುವವನ ಕಣ್ಣು ಹಾಳೆಯ ಮೇಲಿರುತ್ತದೆ, ಅಭ್ಯರ್ಥಿಯ ಮುಖದ ಮೇಲಲ್ಲ. ವಿಧಿ ಕೆಡುವುದು ಅಲ್ಲೇ. ಲಂಡನ್ನಿನಲ್ಲಿ 1823ರಿಂದ ನಡೆಯುತ್ತಿರುವ ಎಮ್ಯುಲೇಷನ್ ಅಭ್ಯಾಸ ಲಾಡ್ಜಿನಲ್ಲಿ ಒಂದೂ ತಪ್ಪಿಲ್ಲದೆ ವಿಧಿ ನಡೆಸಿದವರಿಗೆ ಬೆಳ್ಳಿಯ ಬೆಂಕಿಪೆಟ್ಟಿಗೆ ಕೊಡುತ್ತಾರೆ. ಅಷ್ಟು ನಿಖರತೆ ನಮಗೆ ಎಲ್ಲಿಂದ ಬರಬೇಕು? ಆದರೆ ಉದ್ದದ ಉಪದೇಶವನ್ನು ಮೂವರಿಗೆ ಹಂಚಿದರೆ ಒಬ್ಬೊಬ್ಬರೂ ತಮ್ಮ ಪಾಲನ್ನು ಮನಸಾರೆ ಕಲಿಯುತ್ತಾರೆ. ಪದ ಒಂದೂ ಕಡಿಮೆಯಾಗುವುದಿಲ್ಲ. ಪ್ರತಿ ವಿಧಿಗೂ ಮೂರು ಅಭ್ಯಾಸ, ಮೂರನೆಯದು ಪುಸ್ತಕವಿಲ್ಲದೆ. ಮಾತು ತಪ್ಪಿದಾಗ ಎತ್ತಿಕೊಡುವವರು ಒಬ್ಬರೇ, ಸಾಮಾನ್ಯವಾಗಿ ಹಿಂದಿನ ವರ್ಷದ ಮಾಸ್ಟರ್. ಇದನ್ನು ಕಟ್ಟುನಿಟ್ಟು ಮಾಡದಿದ್ದರೆ ನಾಲ್ಕು ಮೂಲೆಯಿಂದ ನಾಲ್ಕು ಪದ ಒಟ್ಟಿಗೆ ಬಂದು ಬಿದ್ದು, ಹೇಳುತ್ತಿದ್ದವರು ಪೂರ್ತಿ ಮರೆತುಬಿಡುತ್ತಾರೆ.

ವಿಧಿ ನಡೆಯುವುದು ಇಂಗ್ಲಿಷಿನಲ್ಲಿ. ಅದನ್ನು ನಾವೇ ಕನ್ನಡಕ್ಕೆ ತಿರುಗಿಸುವ ಅಧಿಕಾರ ನಮಗಿಲ್ಲ. ಆದರೆ ದೀಕ್ಷೆಯಾದ ವಾರದೊಳಗೆ ಹೊಸ ಸದಸ್ಯರನ್ನು ಕೂರಿಸಿಕೊಂಡು ಒಂದು ಗಂಟೆ ಕನ್ನಡದಲ್ಲಿ ಅರ್ಥ ಬಿಡಿಸಲು ಯಾರ ಅಡ್ಡಿಯೂ ಇಲ್ಲ. ಅವರು ದಾಟಿದ ಮೆಟ್ಟಿಲಿನಷ್ಟೇ (ಪಡೆದ ದೀಕ್ಷೆಯ ಹಂತದಷ್ಟೇ) ವಿಷಯ, ಮುಂದಿನದು ಒಂದಕ್ಷರವೂ ಬೇಡ. ಹೊಸಬರನ್ನು ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ಬೈಲಾ ತಿದ್ದುಪಡಿಗೆ ದಾರಿ ನೇರ: ಒಂದು ಸಭೆಯಲ್ಲಿ ಸೂಚನೆ, ಮುಂದಿನ ಸಮನ್ಸಿನಲ್ಲಿ (ಸಭೆಯ ಕರೆಯೋಲೆಯಲ್ಲಿ) ಪೂರ್ಣ ಪಾಠ, ಆ ಸಭೆಯಲ್ಲಿ ಮತ, ನಂತರ ಲಾಡ್ಜಿನ ಮೇಲಿನ ಅಧಿಕಾರಿಗಳ ಒಪ್ಪಿಗೆ. ರೂಢಿಯ ಬದಲಾವಣೆಗಳನ್ನು ಮಾತ್ರ ಮೂರು ಸಭೆಗಳ ಪರೀಕ್ಷೆಗೆ ಇಡುತ್ತೇವೆ, ಮುಗಿಯುವ ದಿನಾಂಕವನ್ನು ಮೊದಲೇ ಬರೆದು. ಔತಣದಲ್ಲಿ ಸಸ್ಯಾಹಾರದ ಸಾಲು, ಹಣ್ಣಿನ ರಸದ ಲೋಟ ಎತ್ತಿಯೇ ಶುಭ ಕೋರುವ ಟೋಸ್ಟ್, ಎರಡೂ ಸಲೀಸಾಗಿ ಉಳಿದವು. ಸಮನ್ಸನ್ನು ವಾಟ್ಸಾಪಿನಲ್ಲಷ್ಟೇ ಕಳಿಸುವುದು ಉಳಿಯಲಿಲ್ಲ. ಎಪ್ಪತ್ತು ದಾಟಿದವರು ಬರುವುದು ಕಡಿಮೆಯಾಯಿತು. ಅವರಿಗೆ ಈಗ ಮೊದಲಿನಂತೆ ಅಂಚೆಯಲ್ಲೇ ಹೋಗುತ್ತದೆ, ಸಭೆಗೆ ಹತ್ತು ದಿನ ಮೊದಲು.