ಅಪ್ಪೆಮಿಡಿ ಎಲೆ, ಮಾಸ್ ಸ್ಪೆಕ್, ಮತ್ತು ಉಳಿಸಬಾರದಿದ್ದ ದುಡ್ಡು

ಸಾಗರದ ಹತ್ತಿರ ನಮ್ಮ ಮನೆ ಹಿಂದಿನ ಹಳ್ಳದ ದಡದಲ್ಲಿ ಒಂದು ಅಪ್ಪೆಮಿಡಿ (ಉಪ್ಪಿನಕಾಯಿಯ ಮಿಡಿ ಮಾವು) ಮರ ಇದೆ. ಅದರ ಎಲೆಯಲ್ಲಿ ಆಲ್ಫಾ ಗ್ಲುಕೋಸಿಡೇಸ್ ಎಂಬ ಕಿಣ್ವಕ್ಕೆ ಅಂಟುವ ಅಂಶ ಯಾವುದಿದೆ ಅಂತ ಹುಡುಕುವುದು ನನ್ನ ಕೆಲಸ. ಪಿಷ್ಟ ಸಕ್ಕರೆಯಾಗುವ ಕೊನೆ ಹಂತದಲ್ಲಿ ಇಂಥ ಕಿಣ್ವ ಬೇಕು. ಅದನ್ನು ತಡೆದರೆ ಊಟ ಆದ ಮೇಲೆ ರಕ್ತದಲ್ಲಿ ಸಕ್ಕರೆ ಏರುವುದು ನಿಧಾನವಾಗುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಅಕಾರ್ಬೋಸ್ ಮಾತ್ರೆ ಕೆಲಸ ಮಾಡುವುದೂ ಹೀಗೇ.

ಎಲೆಯ ಸಾರದಲ್ಲಿ ಇರುವ ಅಂಶಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಪರೀಕ್ಷೆ ಮಾಡುತ್ತಾ ಕೂತರೆ ವರ್ಷಗಳೇ ಬೇಕು. ಅದಕ್ಕೇ ಇಡೀ ಸಾರವನ್ನು ಕಿಣ್ವದ ಜೊತೆ 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, 30 ಕಿಲೋಡಾಲ್ಟನ್‌ಗಿಂತ (ಇದು ಅಣು ತೂಕದ ಅಳತೆ) ದೊಡ್ಡ ಅಣುಗಳನ್ನು ತಡೆಯುವ ಫಿಲ್ಟರಿಗೆ ಹಾಕಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದೆ. ಕಿಣ್ವ ದೊಡ್ಡದು, ಮೇಲೆ ಉಳಿಯುತ್ತದೆ. ಅಂಟದ ಸಣ್ಣ ಅಂಶಗಳು ಕೆಳಗಿಳಿದು ಹೋಗುತ್ತವೆ. 3 ಸಲ ತೊಳೆದು ಮೆಥನಾಲ್ ಹಾಕಿದರೆ ಕಿಣ್ವ ಹಿಡಿದುಕೊಂಡಿದ್ದನ್ನು ಬಿಟ್ಟುಬಿಡುತ್ತದೆ. ಅದನ್ನು ಎಲ್‌ಸಿ-ಎಂಎಸ್‌ಗೆ ಕೊಟ್ಟು ತೂಕ ನೋಡುವುದು. ಅಂಶಗಳನ್ನು ಕಾಲಮ್ ಎಂಬ ಕೊಳವೆಯಲ್ಲಿ ಬೇರ್ಪಡಿಸಿ, ಮಾಸ್ ಸ್ಪೆಕ್‌ನಲ್ಲಿ ಒಂದೊಂದರ ಅಣು ತೂಕ ಅಳೆಯುವ ಮೆಷಿನ್ ಅದು. ತೊಳೆಯಲು ಮಾತ್ರ ಫಾಸ್ಫೇಟ್ ಬಫರ್ ಬೇಡ, ಅದು ಆವಿಯಾಗದೆ ಮೆಷಿನ್ನಿನ ಬಾಯಲ್ಲೇ ಉಪ್ಪಾಗಿ ಕೂರುತ್ತದೆ. ಅಮೋನಿಯಂ ಅಸಿಟೇಟ್ ಬಳಸಿ.

ಶಿವಮೊಗ್ಗದಲ್ಲಿ ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಈ ಮೆಷಿನ್ ಇಲ್ಲ. ಸ್ಯಾಂಪಲ್ ಒಣಗಿಸಿ, ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಒಯ್ಯಬೇಕು, ಅಲ್ಲಿ ಒಂದೊಂದು ರನ್ನಿಗೂ ದುಡ್ಡು. ದುಡ್ಡು ಉಳಿಯಲಿ ಅಂತ ಮೊದಲ ಸಲ ಬ್ಲಾಂಕ್ (ಸಾರ ಇಲ್ಲದ ಬರೀ ದ್ರಾವಕ) ಓಡಿಸಲಿಲ್ಲ, ಹೋಲಿಸಿ ನೋಡಲು ಇಡಬೇಕಿದ್ದ ಕುದಿಸಿದ ಕಿಣ್ವದ ಕಂಟ್ರೋಲನ್ನೂ ಬಿಟ್ಟೆ. ತಪ್ಪಾಗಿದ್ದು ಅಲ್ಲೇ.

ಪಾಸಿಟಿವ್ ಮೋಡಿನಲ್ಲಿ, ಅಂದರೆ ಧನ ವಿದ್ಯುದಂಶ ಇರುವ ಅಣುಗಳನ್ನು ನೋಡುವಾಗ, 391.28 ತೂಕದ ಹತ್ತಿರ ದೊಡ್ಡ ಪೀಕ್ (ಗ್ರಾಫಿನಲ್ಲಿ ಏಳುವ ಶಿಖರ) ಬಂತು. ಅದು ಮಾವಿನ ಅಂಶಗಳ ಯಾವ ಪಟ್ಟಿಯಲ್ಲೂ ಇರಲಿಲ್ಲ. ಹೊಸದೇ ಸಿಕ್ಕಿತು ಅಂತ ಮೂರು ವಾರ ಅದರ ಹಿಂದೆ ಬಿದ್ದೆ, ರಾತ್ರಿ ನಿದ್ದೆ ಕೂಡ ಸರಿಯಾಗಿ ಬರುತ್ತಿರಲಿಲ್ಲ. ಕೊನೆಗೆ ಸುಮ್ನೆ ಮೆಥನಾಲನ್ನೇ ಅದೇ ಪ್ಲಾಸ್ಟಿಕ್ ಟ್ಯೂಬಿನಲ್ಲಿಟ್ಟು ಓಡಿಸಿದಾಗ ಅದೇ ಪೀಕ್, ಅಷ್ಟೇ ಎತ್ತರ. ಪ್ಲಾಸ್ಟಿಕ್ ಮೆದುವಾಗಲು ಬೆರೆಸುವ ಥಾಲೇಟ್ ಅದು. ಅಂದಿನಿಂದ ಮೆಥನಾಲ್ ಮುಟ್ಟುವುದೆಲ್ಲ ಆದಷ್ಟು ಗಾಜಿನಲ್ಲೇ, ಮತ್ತು ದಿನದ ಮೊದಲ ರನ್ ಬ್ಲಾಂಕೇ.

ಎರಡನೇ ಸಲ ನೆಗೆಟಿವ್ ಮೋಡಿನಲ್ಲಿ (ಋಣ ವಿದ್ಯುದಂಶದ ಅಣುಗಳು) 787, 939, 1091 ತೂಕದ ಪೀಕ್‌ಗಳು ಸಿಕ್ಕಿದವು. ನಡುವೆ 152, 152ರ ಅಂತರ. ಇವು ಗ್ಯಾಲಿಕ್ ಆಮ್ಲದ ತುಂಡುಗಳನ್ನು ಒಂದೊಂದಾಗಿ ಸೇರಿಸಿಕೊಂಡ ಟ್ಯಾನಿನ್‌ಗಳು. ಈ ಸಲ ಕುದಿಸಿದ ಕಿಣ್ವವನ್ನೂ ಜೊತೆಗಿಟ್ಟಿದ್ದೆ. ಕುದಿಸಿದರೆ ಕಿಣ್ವದ ಆಕಾರವೇ ಕೆಡುತ್ತದೆ, ಔಷಧಿ ಕೂರಬೇಕಾದ ಗುಳಿ ಉಳಿಯುವುದಿಲ್ಲ. ಆದರೂ ಟ್ಯಾನಿನ್ ಅದಕ್ಕೂ ಅಷ್ಟೇ ಅಂಟಿತ್ತು! ಅಂದರೆ ಸಿಕ್ಕ ಪ್ರೋಟೀನಿಗೆಲ್ಲ ಅಂಟುವ ಗುಣ ಅದರದ್ದು. ಮಾವಿನ ಚಿಗುರು ಅಗಿದರೆ, ಹಸಿ ಅಡಿಕೆ ಹಾಕಿಕೊಂಡರೆ ಬಾಯೆಲ್ಲ ಒಗರಾಗುತ್ತದೆ ಅಲ್ವಾ, ಅದೂ ಇದೇ. ಟ್ಯಾನಿನ್ ಎಂಜಲಿನ ಪ್ರೋಟೀನನ್ನು ಹಿಡಿದು ಗಟ್ಟಿ ಮಾಡುತ್ತದೆ. ಎಲೆ ಕೊಯ್ದ ದಿನವೇ ನಾಲಿಗೆ ಇದನ್ನು ಹೇಳಿತ್ತು. ಒಗರು ಜಾಸ್ತಿ ಇರುವ ಯಾವ ಗಿಡವನ್ನು ತೆಗೆದುಕೊಂಡರೂ ಮೊದಲು ಸಾರವನ್ನು ಪಾಲಿಅಮೈಡ್ (ನೈಲಾನಿನಂಥ ವಸ್ತು) ತುಂಬಿದ ಕಾಲಮ್ಮಿನಲ್ಲಿ ಹಾಯಿಸಿ. ದೊಡ್ಡ ಟ್ಯಾನಿನ್‌ಗಳು ಅಲ್ಲೇ ಕಚ್ಚಿಕೊಳ್ಳುತ್ತವೆ.

ಹಾಗೆ ಮಾಡಿದ ಮೇಲೆ 421 ತೂಕದ ಪೀಕ್ ಎದ್ದು ಕಂಡಿತು. ಕುದಿಸದ ಕಿಣ್ವದಲ್ಲಿ ದೊಡ್ಡದು, ಕುದಿಸಿದ್ದರಲ್ಲಿ ತೀರಾ ಸಣ್ಣದು. ಆ ಅಣುವನ್ನು ಮೆಷಿನ್ನಿನೊಳಗೇ ಒಡೆದು ನೋಡಿದರೆ 90 ಕಳೆದು 331, 120 ಕಳೆದು 301. ಸಕ್ಕರೆ ನೇರ ಇಂಗಾಲಕ್ಕೇ ಅಂಟಿದ ಮ್ಯಾಂಜಿಫೆರಿನ್ ಎಂಬ ಅಂಶದ ಗುರುತು ಇದು. ಅಂಗಡಿಯಿಂದ ತರಿಸಿದ ಶುದ್ಧ ಮ್ಯಾಂಜಿಫೆರಿನ್ ಕೂಡ ಅದೇ ಹೊತ್ತಿಗೆ ಕಾಲಮ್ಮಿನಿಂದ ಹೊರಬಂತು. ಆದರೆ ಅಂಟಿದ ಮಾತ್ರಕ್ಕೆ ತಡೆಯುತ್ತದೆ ಅಂತಲ್ಲ. ಅದಕ್ಕೆ ಬೇರೆ ಪರೀಕ್ಷೆ ಮಾಡಿದೆ. ಕಿಣ್ವ ಒಡೆದಾಗ ಹಳದಿಯಾಗುವ ಒಂದು ವಸ್ತುವನ್ನು ಹಾಕುತ್ತೇವೆ. ಕಿಣ್ವ ಕೆಲಸ ಮಾಡಿದರೆ ಹಳದಿ ಬಣ್ಣ ಬರುತ್ತದೆ, ಅದನ್ನು 405 ನ್ಯಾನೋಮೀಟರಿನಲ್ಲಿ ಅಳೆಯುತ್ತೇವೆ. ಮ್ಯಾಂಜಿಫೆರಿನ್ ಹಾಕಿದ, ಪರೀಕ್ಷೆಯ ತಟ್ಟೆಯ ಪುಟ್ಟ ಬಾವಿಗಳಲ್ಲಿ ಹಳದಿ ತೆಳುವಾಯಿತು.

ಮ್ಯಾಂಜಿಫೆರಿನ್ ಹೊಸದಲ್ಲ, ಮಾವಿನಲ್ಲಿ ಇದೆ ಅಂತ ಎಲ್ಲರಿಗೂ ಗೊತ್ತು. ಆದರೆ ಗೊತ್ತಿದ್ದದ್ದು ಸರಿಯಾಗಿ ಸಿಕ್ಕಿದ್ದರಿಂದಲೇ ಪಕ್ಕದ ಇನ್ನೊಂದು ಸಣ್ಣ ಪೀಕನ್ನು ನಂಬುವ ಧೈರ್ಯ ಬಂದಿದೆ. ಅದು ಕುದಿಸದ ಕಿಣ್ವದಲ್ಲಿ ಮಾತ್ರ ಇದೆ, ಬ್ಲಾಂಕಿನಲ್ಲಿ ಇಲ್ಲ, ನನ್ನ ಪಟ್ಟಿಯಲ್ಲೂ ಇಲ್ಲ. ಮಳೆ ಬಿಟ್ಟ ಮೇಲೆ ಹಳ್ಳದ ಮರದಿಂದ ಇನ್ನೊಂದು ಬುಟ್ಟಿ ಎಲೆ ತರಬೇಕು.