ಎದುರಿನ ಕಾಂಪೌಂಡ್ ಎತ್ತರ ಮಾಡ್ಬೇಕಾ? ಪರ್ಮಿಶನ್ ಕೇಳುವ ಕ್ರಮ ಹೀಗೆ

ಮಕ್ಕಳೆಲ್ಲ ಗಲ್ಫಲ್ಲೋ ಬೆಂಗಳೂರಲ್ಲೋ ಇದ್ದು ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳು ಮಂಗಳೂರಲ್ಲಿ ತುಂಬ ಉಂಟು, ಅಂಥವರಿಗೆ ಕಳ್ಳರ ಹೆದರಿಕೆಯಿಂದ ಎದುರಿನ ಕಾಂಪೌಂಡ್ ಇನ್ನೆರಡು ಮೂರು ಫೀಟ್ ಏರಿಸುವಾ ಅಂತ ಕಾಣೋದು ಸಹಜ. ಆದ್ರೆ ಮೇಸ್ತ್ರಿಗೆ ಫೋನ್ ಮಾಡುವ ಮೊದ್ಲು ಅನುಮತಿ ಕೇಳ್ಬೇಕು.

ಮೊದ್ಲು ಅಳತೆ ನೋಡಿ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರಲ್ಲಿ ಕಾಂಪೌಂಡಿಗೆ 1.5 ಮೀಟರ್ ಅಂದ್ರೆ ಸುಮಾರು 5 ಫೀಟ್ ಮಿತಿ, ಅದಕ್ಕಿಂತ ಜಾಸ್ತಿ ಬೇಕಾದ್ರೆ ವಿಶೇಷ ಅನುಮತಿ ಬೇಕು, ಆದ್ರೆ ಮೇಲಿನ 0.9 ಮೀಟರ್ ಗ್ರಿಲ್ ತರ ಆಚೆ ಈಚೆ ಕಾಣುವ ಹಾಗಿದ್ದು ಅದರ ಡಿಸೈನ್ ಒಪ್ಪಿಗೆ ಆದ್ರೆ 2.4 ಮೀಟರ್ ತನಕ ಕೊಡಬಹುದು ಅಂತ ಉಂಟು. ಇದು ಮಾದರಿ ನಿಯಮ, ನಿಮ್ಮ ಜಾಗಕ್ಕೆ ಯಾವ ಬೈಲಾ ಲಾಗು ಅಂತ ಲಾಲ್‌ಬಾಗ್‌ನ ಪಾಲಿಕೆ ಆಫೀಸಿನ ನಗರ ಯೋಜನೆ ವಿಭಾಗದಲ್ಲಿ ಕೇಳಿಕೊಳ್ಳಿ. ಉಡುಪಿಯವರು ನಗರಸಭೆಯಲ್ಲಿ, ಹಳ್ಳಿ ಕಡೆಯವರು ಪಂಚಾಯತಲ್ಲಿ.

ಇಲ್ಲಿ ಹೆಚ್ಚಿನವರು ತಪ್ಪೋದು ಎಲ್ಲಿಂದ ಅಳೆಯೋದು ಅನ್ನೋದ್ರಲ್ಲಿ. ಸಂಹಿತೆ ಪ್ರಕಾರ ಎದುರಿನ ರೋಡಿನ ನಡು ಗೆರೆಯ ಮಟ್ಟದಿಂದ ಎತ್ತರ ಅಳೀಬೇಕು, ಅಂಗಳದಿಂದ ಅಳೆದ್ರೆ ಲೆಕ್ಕಕ್ಕಿಲ್ಲ. ನಮ್ಮಲ್ಲಿ ಸಮತಟ್ಟು ಜಾಗ ಎಲ್ಲುಂಟು ಹೇಳಿ? ಮನೆ ರೋಡಿಗಿಂತ 2 ಫೀಟ್ ತಗ್ಗಲ್ಲಿದ್ರೆ ರೋಡಿಂದ 5 ಫೀಟ್ ಇರುವ ಗೋಡೆ ಅಂಗಳದಲ್ಲಿ ನಿಂತವರಿಗೆ 7 ಫೀಟ್ ಕಾಣ್ತದೆ, ಆದ್ರೂ ಅದು ಮಿತಿ ಒಳಗೇ. ಅದೇ ಮನೆ ರೋಡಿಗಿಂತ 5 ಫೀಟ್ ಎತ್ತರದ ದಿಣ್ಣೆ ಮೇಲಿದ್ರೆ ಅಂಗಳದ ಮಟ್ಟಕ್ಕೆ ಬರುವಾಗಲೇ 5 ಫೀಟ್ ಮುಗಿದಿರ್ತದೆ, ವಿಶೇಷ ಅನುಮತಿ ಕೇಳ್ಲಿಕ್ಕೆ ನಿಜವಾದ ಕಾರಣ ಇರೋದು ಇಂಥವರಿಗೆ.

ಆಮೇಲೆ ಲೈಸೆನ್ಸ್ ಇರುವ ಇಂಜಿನಿಯರ್ ಹತ್ರ ಡ್ರಾಯಿಂಗ್ ಮಾಡಿಸಿ. ರೋಡಿನ ಮಟ್ಟ, ಅಂಗಳದ ಮಟ್ಟ, ಗೋಡೆ ಎಷ್ಟು ಗ್ರಿಲ್ ಎಷ್ಟು, ಗೇಟ್ ಎಲ್ಲಿ, ಎಲ್ಲ ಅದ್ರಲ್ಲಿ ಬರ್ಬೇಕು. ಗೇಟ್ ಒಳಗಡೆಗೇ ತೆರೀಬೇಕು. ರೋಡ್ ಅಗಲೀಕರಣದ ಗೆರೆ ನಿಮ್ಮ ಜಾಗದೊಳಗೆ ಬರ್ತದಾ ಅಂತ ಮೂಡಾದಲ್ಲಿ (ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ) ಈಗಲೇ ನೋಡಿಕೊಳ್ಳಿ, ಇಲ್ಲದಿದ್ರೆ ಕಟ್ಟಿದ್ದನ್ನು ನಾಳೆ ಒಡೀಬೇಕಾಗ್ತದೆ.

ಮೂಲೆ ಸೈಟಿನವರಿಗೆ ಒಂದು ಮಾತು, ದಯವಿಟ್ಟು ಎತ್ತರಕ್ಕೆ ಹಟ ಮಾಡ್ಬೇಡಿ. ತಿರುವಿನ ಎರಡೂ ಬದಿ 10 ಮೀಟರ್ ಉದ್ದಕ್ಕೆ ಗೋಡೆ 0.75 ಮೀಟರ್ ಮಾತ್ರ, ಮೇಲಿನ 0.75 ಮೀಟರ್ ಬೇಕಾದ್ರೆ ಗ್ರಿಲ್ಲಲ್ಲೇ ಆಗ್ಬೇಕು. ಸೈಕಲಲ್ಲಿ ಬರುವ ಮಗು ಸ್ಕೂಟರಿನವನ ಕಣ್ಣಿಗೆ ಬೀಳ್ಬೇಕಲ್ಲ.

ಅರ್ಜಿಯಲ್ಲಿ ಸುಮ್ನೆ ಸೆಕ್ಯೂರಿಟಿಗಾಗಿ ಅಂತ ಬರೆದ್ರೆ ಸಾಲದು. ಪಕ್ಕದ ಖಾಲಿ ಜಾಗ, ಹಿಂದೆ ಕಳ್ಳತನ ಆಗಿದ್ರೆ ಪೊಲೀಸ್ ಕಂಪ್ಲೇಂಟಿನ ಕಾಪಿ, ರೋಡಿಂದ ತೆಗೆದ ಫೋಟೋ, ಇದೆಲ್ಲ ಹಾಕಿ ಇಷ್ಟೇ ಎತ್ತರ ಯಾಕೆ ಬೇಕು ಅಂತ ಬರೀರಿ. ಖಾತಾ, ತೆರಿಗೆ ರಶೀದಿ, ಜಾಗದ ದಾಖಲೆ ಜೊತೆಗಿರಲಿ. ಆಚೆ ಈಚೆ ಮನೆಯವರ ಒಪ್ಪಿಗೆ ಪತ್ರ ಇದ್ರೆ ನಾಳೆ ತಕರಾರು ಬರುವ ಚಾನ್ಸ್ ಕಮ್ಮಿ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ತಕೊಳ್ಳದೆ ಬರ್ಬೇಡಿ. ಆಗುದಿಲ್ಲ ಅಂದ್ರೆ ಕಾರಣ ಬರಹದಲ್ಲಿ ಕೇಳಿ, ಗೋಡೆ ತಗ್ಗಿಸಿ ಗ್ರಿಲ್ ಜಾಸ್ತಿ ಮಾಡಿ ಡ್ರಾಯಿಂಗ್ ಬದಲಿಸಿ ಪುನಃ ಕೊಡಬಹುದಾ ಅಂತ ವಿಚಾರಿಸಿ.

ಇನ್ನು ಹಳೇ ಕೆಂಪುಕಲ್ಲಿನ ಗೋಡೆ ಮೇಲೆ ಎರಡು ವರಸೆ ಕಲ್ಲು ಕೂರಿಸಿ ಏರಿಸುವ ಕೆಲಸ ಇಂಜಿನಿಯರನ್ನು ಕೇಳದೆ ಮಾತ್ರ ಖಂಡಿತ ಬೇಡ, ಆ ಫೌಂಡೇಶನ್ ಅಷ್ಟು ಭಾರಕ್ಕೆ ಹಾಕಿದ್ದಲ್ಲ, ಮಳೆಗಾಲದಲ್ಲಿ ಹಿಂದಿನ ಮಣ್ಣು ನೀರು ಕುಡಿದು ದೂಡ್ತದೆ. 2024ರ ಜೂನಲ್ಲಿ ಉಳ್ಳಾಲದ ಹತ್ರ ಕುತ್ತಾರಿನ ಮದನಿನಗರದಲ್ಲಿ ಪಕ್ಕದ ಕಾಂಪೌಂಡ್ ಮನೆ ಮೇಲೆ ಕುಸಿದು ಒಂದೇ ಮನೆಯ 4 ಜನ ತೀರಿಹೋದ್ರು. ಹಾಗಾಗಿ ಹಳೇ ಗೋಡೆ ತಡೀತದಾ ಅಂತ ಇಂಜಿನಿಯರಿಗೆ ತೋರಿಸಿ, ನೀರು ಹೊರಗೆ ಹೋಗ್ಲಿಕ್ಕೆ ಗೋಡೆಯ ಬುಡದಲ್ಲಿ ಪೈಪ್ ಬಿಡಿಸಿ, ಒಪ್ಪಿಗೆ ಆದ ಡ್ರಾಯಿಂಗಿನ ಕಾಪಿ ಮೇಸ್ತ್ರಿ ಕೈಗೆ ಕೊಟ್ಟು ಮಳೆ ಹಿಡಿಯುವ ಮೊದ್ಲು ಕೆಲಸ ಮುಗಿಸಿ.